ಕೊನೆಯ ದಿನಾಂಕಕ್ಕೆ ಫೋನ್ ಮಾಡಿದವರು

ಮನೆಯಿಂದ
ಗುರುವಾರ, ೬ ಮಾರ್ಚ್

ಬೆಟ್ಟದ ಮೇಲಿರುವ ನನ್ನ ಪ್ರೀತಿಯವಳಿಗೆ,

ಕೆಮ್ಮು ಹೇಗಿದೆ? ಹೋದ ಕಾಗದದಲ್ಲಿ ‘ಪರವಾಗಿಲ್ಲ’ ಎಂದು ಬರೆದಿದ್ದೀಯ. ನಿನ್ನ ‘ಪರವಾಗಿಲ್ಲ’ಕ್ಕೆ ಏನರ್ಥ ಎಂಬುದನ್ನು ಮದುವೆಯಾದ ಮೇಲೆ ಚೆನ್ನಾಗಿಯೇ ಕಲಿತಿದ್ದೇನೆ. ಹೋದ ಸಲ ಹೀಗೆಯೇ ಪರವಾಗಿಲ್ಲ ಎನ್ನುತ್ತಾ ಜ್ವರದಲ್ಲಿ ದೂರದರ್ಶಕದ ಗುಮ್ಮಟದ ಏಣಿ ಹತ್ತಿದವಳು ನೀನು. ಬಿಸಿನೀರು ಕುಡಿ, ಕಿವಿ ಮುಚ್ಚುವ ಟೋಪಿ ಹಾಕಿಕೋ, ಕೆಲಸ ಮುಗಿದ ಮೇಲೆ ಬೆಳಗಾಯಿತೆಂದು ಹರಟುತ್ತ ಕೂರದೆ ಮಲಗು. ಇದಿಷ್ಟೂ ನಿಮ್ಮಮ್ಮನ ಮಾತು, ನಾನು ಬರೀ ಬರೆಯುವವನು. ಅತ್ತೆ ಈಗ ನನ್ನ ಹಿಂದೆಯೇ ನಿಂತು, ಹೇಳಿದ್ದನ್ನೆಲ್ಲ ಬರೆದೆನೋ ಇಲ್ಲವೋ ಎಂದು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಾರೆ.

ಇಲ್ಲಿ ನಾವು ಮೂವರೂ ಸುಖವಾಗಿದ್ದೇವೆ. ಅತ್ತೆಯ ಮೊಣಕಾಲು ಹೇಳಿದ ಮಾತು ಕೇಳುತ್ತಿದೆ. ಮೆಟ್ಟಿಲು ಇಳಿದು ಹೋಗಿ ತರಕಾರಿಯವಳ ಜೊತೆ ಜಗಳವಾಡಿ ಬರುವಷ್ಟು ಗುಣವಾಗಿದೆ. ಚೂಟಿಯ ಮುಂದಿನ ಹಲ್ಲು ಬಿತ್ತು. ಬಿತ್ತು ಎಂದರೆ ಬೀಳಿಸಲಾಯಿತು, ಆ ಕಥೆ ಮುಂದೆ ಬರುತ್ತದೆ. ನಿನ್ನ ಮಗಳು ಈಗ ‘ಸೂರ್ಯ’ ಎನ್ನಲು ಹೋಗಿ ಹಲ್ಲಿನ ಸಂದಿಯಿಂದ ಗಾಳಿ ಬಿಡುತ್ತಾಳೆ, ನಾವು ನಕ್ಕರೆ ಮುಖ ಊದಿಸಿಕೊಳ್ಳುತ್ತಾಳೆ. ಅಡುಗೆಮನೆಯ ನಲ್ಲಿ ಸೋರುವುದನ್ನು ನಾನೇ ರಿಪೇರಿ ಮಾಡಿದೆ. ಈಗ ಬಚ್ಚಲಿನದ್ದು ಸೋರುತ್ತಿದೆ.

ನನ್ನ ಕೆಲಸವೂ ಎಂದಿನಂತೆಯೇ ನಡೆದಿದೆ. ಪ್ರತಿ ಶುಕ್ರವಾರ ನಿಮ್ಮ ಖಗೋಳ ಸಂಘದ ಸುದ್ದಿಪತ್ರ ಹೊರಡಬೇಕು, ಪ್ರತಿ ಗುರುವಾರ ನನಗೆ ತಲೆ ಕೆಡಬೇಕು. ಖಗೋಳ ವಿಜ್ಞಾನಿಗಳು ಎಂದರೆ ಮಿತಭಾಷಿಗಳು ಎಂದು ಯಾರೋ ಹಬ್ಬಿಸಿದ್ದಾರೆ. ಒಂದು ವಿಚಾರಗೋಷ್ಠಿಯ ಪ್ರಕಟಣೆ ಕೊಡಿ ಎಂದು ಕೇಳಿ ನೋಡಬೇಕು, ವಿಶ್ವದ ಹುಟ್ಟಿನಿಂದ ಶುರುಮಾಡುತ್ತಾರೆ. ಈ ವಾರ ಒಂದು ಬೇಸಿಗೆ ಶಿಬಿರವಿದೆ, ಮೂರು ವರ್ಷದ ಎರಡು ಸಂಶೋಧನಾ ಹುದ್ದೆಗಳಿವೆ, ದೊಡ್ಡ ದೂರದರ್ಶಕದಲ್ಲಿ ವೀಕ್ಷಣೆಗೆ ಸಮಯ ಬೇಕಾದವರಿಗೆ ಕರೆಯಿದೆ, ಅತ್ಯುತ್ತಮ ಪ್ರಬಂಧದ ಬಹುಮಾನವಿದೆ. ಇವೆಲ್ಲದರ ಕೆಳಗೆ, ಒಂದು ಕಾಲೇಜಿನವರು ತಮ್ಮ ಹಳೇ ಗುಮ್ಮಟವನ್ನು ಬೇಕಾದವರು ಬಿಚ್ಚಿಕೊಂಡು ಹೋಗಬಹುದು ಎಂದು ಕೊಟ್ಟಿದ್ದಾರೆ. ಕರಡು ಓದುತ್ತಿದ್ದಾಗ ಚೂಟಿ ಕೇಳಿಸಿಕೊಂಡಳು. ಅಂದಿನಿಂದ ಅದನ್ನು ನಮ್ಮ ತಾರಸಿಗೆ ತರಬೇಕಂತೆ, ಅಮ್ಮ ಆಗ ಬೆಟ್ಟಕ್ಕೆ ಹೋಗುವ ಅಗತ್ಯವೇ ಇರುವುದಿಲ್ಲವಂತೆ. ನಾನು ಬಾಡಿಗೆ ಮನೆಯ ಕರಾರು ವಿವರಿಸಲು ಹೋಗಿ ಸೋತೆ.

ಈಗ ನಾನು ಮಾಡಿದ ಘನಕಾರ್ಯ ಕೇಳು. ಚೂಟಿಯ ಶಾಲೆಯ ಹಿಂದಿನ ರಸ್ತೆಯ ವೀಕ್ಷಣಾಲಯದಲ್ಲಿ ಒಂದು ಖಾಯಂ ಹುದ್ದೆ ಎಂದು ಹೋದ ತಿಂಗಳು ಪ್ರಕಟಿಸಿದ್ದೆವಲ್ಲ, ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವ ಉಪಕರಣ ಕಟ್ಟಬಲ್ಲವರು ಬೇಕು ಎಂದು? ಆ ಆಯ್ಕೆ ಸಮಿತಿಗೆ ಅಧ್ಯಕ್ಷರು ನಮ್ಮ ಧೂಮಕೇತು. ಆ ಹಿರಿಯ ಪ್ರಾಧ್ಯಾಪಕರಿಗೆ ಈ ಹೆಸರಿಟ್ಟವಳು ನೀನೇ: ಬರುವುದು ಅಪರೂಪ, ಹೋದ ಮೇಲೂ ಬಾಲ ಉಳಿದಿರುತ್ತದೆ ಎಂದು. ಅವರು ಕೊಟ್ಟ ಹಾಳೆಯಲ್ಲಿ ಹುದ್ದೆಯ ವಿವರವಿತ್ತು, ಅರ್ಜಿ ಕಳಿಸಬೇಕಾದ ವಿಳಾಸವಿತ್ತು, ಅದರ ಕೆಳಗೆ ಏನೂ ಹೇಳದೆ ಕೇಳದೆ ಏಳು ಅಂಕಿಯ ಒಂದು ಸಂಖ್ಯೆಯಿತ್ತು. ವಿಳಾಸದ ಕೆಳಗೆ ಏಳು ಅಂಕಿ ಇದ್ದರೆ ನನ್ನಂಥ ಬಡಪಾಯಿ ಏನೆಂದುಕೊಳ್ಳಬೇಕು? ಹಿಂದೆ ‘ದೂರವಾಣಿ’ ಎಂದು ಸೇರಿಸಿ ಅಚ್ಚುಕಟ್ಟಾಗಿ ಪುಟ ಕಟ್ಟಿದೆ. ಅದು ಅರ್ಜಿಯ ಕೊನೆಯ ದಿನಾಂಕವಂತೆ! ತಿಂಗಳು, ವರ್ಷ ಯಾವುದರ ಗೊಡವೆಯೂ ಇಲ್ಲದೆ, ಎಂದೋ ಒಂದು ಕಾಲದಿಂದ ದಿನಗಳನ್ನು ಒಂದೇ ಸಮನೆ ಎಣಿಸಿಕೊಂಡು ಬರುವ ಲೆಕ್ಕ ನಿಮ್ಮಲ್ಲಿದೆಯಂತೆ, ಧೂಮಕೇತು ಹಾಲಿನವನಿಗೂ ಅದರಲ್ಲೇ ತಾರೀಕು ಹೇಳುತ್ತಾರಂತೆ. ಕಪ್ಪುಕುಳಿಯ ವಿಷಯ ನನಗೆ ಊಟದ ಹೊತ್ತಿಗೆಲ್ಲ ಹೇಳಿದ್ದೀಯ. ಇದೊಂದನ್ನು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಆ ಸಂಖ್ಯೆಗೆ ನಿಜವಾಗಿಯೂ ಫೋನ್ ಇತ್ತು. ಮಾರುಕಟ್ಟೆ ರಸ್ತೆಯ ಹಲ್ಲಿನ ಡಾಕ್ಟರದ್ದು. ನಿಮ್ಮವರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿ, “ಖಾಯಂ ಆಗಿ ಒಂದು ಜಾಗ ಖಾಲಿ ಇದೆಯಂತಲ್ಲ?” ಎಂದು ವಿನಯದಿಂದ ಕೇಳಿದ್ದಾರೆ. ಅಲ್ಲಿ ಫೋನ್ ತೆಗೆಯುವಾಕೆ ಕೂಡ ಅಷ್ಟೇ ವಿನಯದಿಂದ, “ತುಂಬಿಸ್ತೀವಿ ಸರ್, ಮೇಲಿನ ಸಾಲಲ್ಲೋ ಕೆಳಗಿನ ಸಾಲಲ್ಲೋ?” ಎಂದಿದ್ದಾಳೆ. ಹೆಚ್ಚಿನವರು ಗಾಬರಿಯಾಗಿ ಇಟ್ಟುಬಿಟ್ಟರಂತೆ. ಒಬ್ಬ ಮಹಾನುಭಾವ ಮಾತ್ರ, ಸಂದರ್ಶನದ ಮೊದಲ ಸುತ್ತು ಇದೇ ಇರಬೇಕೆಂದು, ಹೆಸರು ಬರೆಸಿ, ಹೇಳಿದ ಹೊತ್ತಿಗೆ ಸರಿಯಾಗಿ ಪ್ರಬಂಧಗಳ ಫೈಲ್ ಹಿಡಿದು ಬಂದೇಬಿಟ್ಟನಂತೆ. ಬಂದದ್ದಕ್ಕೆ ಮೋಸವಾಗಲಿಲ್ಲ, ಎರಡು ಹುಳುಕು ಸಿಕ್ಕವು. ಡಾಕ್ಟರು ಸಂಘಕ್ಕೆ ಫೋನ್ ಮಾಡಿದಾಗಲೇ ನಮಗೆ ವಿಷಯ ತಿಳಿದದ್ದು. ಬೈಸಿಕೊಳ್ಳಲು ಒಬ್ಬನೇ ಹೋಗುವ ಧೈರ್ಯ ಸಾಲದೆ, ಚೂಟಿಯ ಅಲ್ಲಾಡುವ ಹಲ್ಲನ್ನು ನೆಪ ಮಾಡಿಕೊಂಡು ಅವಳನ್ನೂ ಕರೆದುಕೊಂಡು ಹೋದೆ. ಡಾಕ್ಟರು ಬೈಯಲಿಲ್ಲ. ನಗುತ್ತ ನಗುತ್ತಲೇ ಅವಳ ಹಲ್ಲು ಕಿತ್ತು, “ಇಷ್ಟು ಮರ್ಯಾದೆಯಿಂದ ಮಾತಾಡೋ ಜನ ನಮಗೆ ಫೋನ್ ಮಾಡಿದ್ದೇ ಇಲ್ಲ, ಆಗಾಗ ಮಾಡ್ತಿರಲಿ ಬಿಡಿ” ಎಂದರು.

ಮನೆಗೆ ಬಂದು ಹೇಳಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಮಾರನೆಯ ದಿನ ನಿನ್ನ ಕಾಗದ ಬಂತು, ನನ್ನ ನಗು ಅಲ್ಲಿಗೇ ನಿಂತಿತು. “ಪ್ರಕಟಣೆ ನೋಡಿದೆ. ಕೊನೆಯ ದಿನಾಂಕವೇ ಕೊಟ್ಟಿಲ್ಲ ಅಂದಮೇಲೆ ಯಾರಿಗೋ ಮೊದಲೇ ಗೊತ್ತುಮಾಡಿ ಇಟ್ಟಿದ್ದಾರೆ. ಬಿಡು. ಇನ್ನು ಮೇಲೆ ಅವಕಾಶಗಳ ಪುಟ ಬಂದರೆ ದಾಟಿಕೊಂಡು ಮುಂದೆ ಹೋಗುತ್ತೇನೆ, ಓದಿ ಓದಿ ಸಾಕಾಗಿದೆ” ಎಂದು ಬರೆದಿದ್ದೆಯಲ್ಲ. ಅಲ್ಲ ಕಣೇ, ದಿನಾ ಅದೇ ಏಳು ಅಂಕಿಯನ್ನು ಕಂಪ್ಯೂಟರಿಗೆ ಉಣಿಸುವವಳು ನೀನು. ಅದರ ಹಿಂದೆ ‘ದೂರವಾಣಿ’ ಎಂದಿತ್ತೆಂದು ಹಾಗೇ ನಂಬಿಬಿಟ್ಟೆಯಾ? ಗಂಡ ಬರೆದದ್ದನ್ನೆಲ್ಲ ಕಣ್ಣು ಮುಚ್ಚಿ ನಂಬುವ ಹೆಂಡತಿ ನನಗೆ ಸಿಕ್ಕಿದ್ದಾಳೆಂದು ಇಷ್ಟು ವರ್ಷವಾದ ಮೇಲೆ ತಿಳಿಯಿತು. ಅದೂ ಇಂಥ ಸಮಯ ನೋಡಿ.

ಸಂಗತಿ ಏನಾಯಿತೆಂದರೆ, ಧೂಮಕೇತುವಿನ ಹಳೆಯ ಶಿಷ್ಯರು ಆ ಸಂಖ್ಯೆ ಕಂಡೊಡನೆ ದಿನಾಂಕವೆಂದು ಗುರುತಿಸಿ, ನನ್ನ ‘ದೂರವಾಣಿ’ಯನ್ನು ಲೆಕ್ಕಕ್ಕೇ ಹಿಡಿಯದೆ, ಸರಿಯಾಗಿ ಅರ್ಜಿ ಹಾಕಿದ್ದಾರೆ. ಉಳಿದವರೆಲ್ಲ ಒಂದೋ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದರು, ಇಲ್ಲವೇ ನಿನ್ನ ಹಾಗೆ ನಿಟ್ಟುಸಿರು ಬಿಟ್ಟು ಸುಮ್ಮನಾದರು. ಗುರುಗಳ ಸಮಿತಿ, ಅರ್ಜಿಗಳೆಲ್ಲ ಶಿಷ್ಯರದು. ಹೊರಗಿನಿಂದ ನೋಡಿದರೆ ಹೇಗೆ ಕಾಣುತ್ತದೆ ನೀನೇ ಯೋಚಿಸು. ಧೂಮಕೇತುವಿನ ಮನಸ್ಸಿನಲ್ಲಿ ಕಪಟವಿಲ್ಲ. “ತಪ್ಪೇನು ಬಂತು? ದಿನಾಂಕ ಸರಿಯಾಗೇ ಇತ್ತಲ್ಲ!” ಎಂದು ಅವರು ಪ್ರಾಮಾಣಿಕವಾಗಿಯೇ ಕಣ್ಣರಳಿಸಿದರು. ಆದರೆ ಸಂಘದ ಕಾರ್ಯದರ್ಶಿ ಮೇಡಂ ಬಿಡಲಿಲ್ಲ. ಬಂದಷ್ಟರಲ್ಲೇ ಒಬ್ಬರನ್ನು ಆರಿಸಿ ಮುಗಿಸುವುದೋ, ಮತ್ತೆ ಎಲ್ಲರಿಗೂ ತೆರೆಯುವುದೋ ಎಂದು ಸಮಿತಿಯ ಸಭೆಯನ್ನೇ ಕರೆಸಿದರು. ಆ ಸಭೆ ಇವತ್ತು ಬೆಳಿಗ್ಗೆ ಮುಗಿಯಿತು. ತೀರ್ಮಾನದ ಹಾಳೆ ನಾಳೆಯ ಸಂಚಿಕೆಗೆಂದು ನನ್ನ ಮೇಜಿಗೆ ಬಂದಿದೆ.

ಅದರಲ್ಲಿ ಏನಿದೆ ಎಂದು ನಿನಗೆ ಹೇಳುವಂತಿಲ್ಲ. ನಾನು ಈ ಕೆಲಸಕ್ಕೆ ಸೇರಿದ ದಿನ ಚಪ್ಪಲಿ ಹಾಕಿಕೊಳ್ಳುತ್ತಿದ್ದವನನ್ನು ಬಾಗಿಲಲ್ಲೇ ನಿಲ್ಲಿಸಿ, “ನನಗೂ ಎಲ್ಲರ ಜೊತೆಗೇ ಗೊತ್ತಾಗಬೇಕು ಕಣೋ, ಒಂದು ನಿಮಿಷ ಮೊದಲೂ ಬೇಡ” ಎಂದವಳು ನೀನು. ಆ ಮಾತನ್ನು ಇಲ್ಲಿಯವರೆಗೆ ಮೀರಿಲ್ಲ. ಇವತ್ತು ಮಾತ್ರ ಸುದ್ದಿ ನಾಲಿಗೆ ತುದಿಯಲ್ಲಿ ಕೂತು ಕುಣಿಯುತ್ತಿದೆ. ಅತ್ತೆ ಮಧ್ಯಾಹ್ನ ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡಿ, ಎರಡು ಸಲ ಕೇಳಿ, ಉತ್ತರ ಸಿಗದೆ ಸಾರಿನ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದರು. ಆದ್ದರಿಂದ ಈ ಲಕೋಟೆಯನ್ನು ಅಂಟಿಸದೆ ಇಟ್ಟುಕೊಳ್ಳುತ್ತೇನೆ. ನಾಳೆ ಸುದ್ದಿಪತ್ರ ಹೊರಟ ಮೇಲೆ ಎರಡು ಸಾಲು ಸೇರಿಸಿ, ಸಾಮಾನಿನ ಲಾರಿ ನಿಮ್ಮ ಬೆಟ್ಟಕ್ಕೆ ಹೊರಡುವ ಮೊದಲು ಚಾಲಕನ ಕೈಗೆ ಕೊಡುತ್ತೇನೆ.

ತೀರ್ಮಾನ ಏನೇ ಇರಲಿ, ಒಂದು ಮಾತು ಹೇಳುತ್ತೇನೆ, ಅದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ. ನಿನ್ನ ಜೊತೆ ಊರೂರು ಅಲೆದದ್ದರಲ್ಲಿ ನನಗೆ ಬೇಸರವಿಲ್ಲ. ಮೂರು ವರ್ಷಕ್ಕೊಮ್ಮೆ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತುವುದರಲ್ಲಿ ನಾನು ಎತ್ತಿದ ಕೈ. ಹೊಸ ಮನೆಯಲ್ಲಿ ಮೊದಲ ಟೀ ಕುದಿಯುವ ಹೊತ್ತಿಗೆ ನಿನ್ನ ಮುಖ ನೋಡುವುದೇ ನನಗೊಂದು ಸಂತೋಷ. ಚೂಟಿಯ ಶಾಲೆಗೋಸ್ಕರ ಈ ಸಲ ನಾವು ಇಲ್ಲೇ ನಿಂತೆವು, ನೀನೊಬ್ಬಳೇ ಹೋದೆ. ಜೂನಿಗೆ ನಿನ್ನ ಅವಧಿ ಮುಗಿಯುತ್ತದೆ. ಮುಂದೆ ಎಲ್ಲಿ ಎಂದು ಕೇಳಿದರೆ ನೀನೂ ಪರವಾಗಿಲ್ಲ ಎನ್ನುತ್ತೀಯ, ನಾನೂ ಎನ್ನುತ್ತೇನೆ. ನಿಜ ಹೇಳಲೇ? ನನಗೆ ನೀನು ಮನೆಯಲ್ಲಿ ಬೇಕು. ನೀನು ತಡವಾಗಿ ಎದ್ದು, ಸಿಕ್ಕ ಲೋಟದಲ್ಲಿ ಕಾಫಿ ಸುರಿದುಕೊಂಡು, ನಿನ್ನ ಕನ್ನಡಕ ಎಲ್ಲಿ ಎಂದು ನನ್ನ ಮೇಲೆ ರೇಗಬೇಕು. ಅತ್ತೆಯೂ ಮೊನ್ನೆ ಬಟ್ಟೆ ಮಡಚುತ್ತ, “ನಕ್ಷತ್ರ ಎಲ್ಲೂ ಓಡಿಹೋಗಲ್ಲ ಕಣಪ್ಪ, ಇಲ್ಲಿಂದಾನೂ ಕಾಣುತ್ತೆ ಅಂತ ಬರಿ ಅವಳಿಗೆ” ಎಂದರು. ಇಲ್ಲಿಂದ ಅಷ್ಟೊಂದು ಕಾಣುವುದಿಲ್ಲ ಎಂದು ನಾನು ಅವರಿಗೆ ಹೇಳಲು ಹೋಗಲಿಲ್ಲ.

ನಿನ್ನ ಹೊಸ ಉಪಕರಣ ಹಟ ಬಿಟ್ಟು ದಾರಿಗೆ ಬರಲಿ, ಮೋಡ ಬೇರೆಯವರ ಬೆಟ್ಟಕ್ಕೆ ಹೋಗಲಿ. ಅಡುಗೆಯವರಿಗೆ, ಹಾಸ್ಯ ಮಾಡುವ ಆ ಎಂಜಿನಿಯರಿಗೆ ನನ್ನ ನಮಸ್ಕಾರ ಹೇಳು. ಅತ್ತೆಯ ಆಶೀರ್ವಾದ ಧಾರಾಳವಾಗಿದೆ. ಚೂಟಿ ತನ್ನ ಹಲ್ಲನ್ನೇ ಕಳಿಸುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಈ ಲಕೋಟೆಯಲ್ಲಿ ಗಟ್ಟಿಯಾದದ್ದು ಏನಾದರೂ ಕೈಗೆ ಸಿಕ್ಕರೆ ಎಸೆಯಬೇಡ.

ನಿನ್ನವನೇ ಆದ,
ಮನೆಯ ಸಂಪಾದಕ

ತಾ. ಕ.: ಶುಕ್ರವಾರ. ಲಾರಿ ಚಾಲಕ ಹಾರನ್ ಮಾಡುತ್ತಿದ್ದಾನೆ, ಅವನ ಬಾನೆಟ್ ಮೇಲೇ ಬರೆಯುತ್ತಿದ್ದೇನೆ. ಸುದ್ದಿಪತ್ರ ಹೊರಟಿತು, ಈಗ ಹೇಳಬಹುದು. ಹುದ್ದೆಯನ್ನು ಮತ್ತೆ ಎಲ್ಲರಿಗೂ ತೆರೆದಿದ್ದಾರೆ! ಕೊನೆಯ ದಿನ ಏಪ್ರಿಲ್ ಮೂವತ್ತು. ಧೂಮಕೇತುವಿನ ಎದುರೇ ನಿಂತು ಸಾಮಾನ್ಯರ ತಾರೀಕಿನಲ್ಲಿ ಬರೆಸಿಕೊಂಡೆ. ನೀನು ಆ ಪುಟ ದಾಟಿಹೋಗಿರುತ್ತೀಯ, ಹಿಂದಕ್ಕೆ ತಿರುಗಿಸಿ ಓದು. ನನ್ನ ಹೆಂಡತಿಯೂ ಅರ್ಜಿ ಹಾಕಬಹುದು ಎಂದು ಕಾರ್ಯದರ್ಶಿಗೆ ಮುಂಚೆಯೇ ತಿಳಿಸಿ, ಆಯ್ಕೆ ಮುಗಿಯುವ ತನಕ ಅವಕಾಶಗಳ ಪುಟವನ್ನು ಸಂಘದ ಗ್ರಂಥಪಾಲಕರಿಗೆ ವಹಿಸಿದ್ದೇನೆ. ಮೇಡಂ ಹೇಳಿದ್ದು ಇಷ್ಟೇ: “ಆಯ್ಕೆ ಸಮಿತಿಯಲ್ಲಿ ನೀವಿಲ್ಲ, ಹಲ್ಲಿನ ಡಾಕ್ಟರೂ ಇಲ್ಲ. ಧಾರಾಳವಾಗಿ ಹಾಕಲಿ.” ಸಿಕ್ಕುತ್ತದೋ ಇಲ್ಲವೋ ಗೊತ್ತಿಲ್ಲ, ಸಿಗದಿದ್ದರೆ ಹಳೇ ಪೇಪರ್ ಕೂಡಿಟ್ಟಿದ್ದೇನೆ, ಈ ಸಲ ಎಲ್ಲರೂ ಜೊತೆಗೇ ಹೊರಡೋಣ. ಆದರೆ ಅರ್ಜಿಯಲ್ಲಿ ‘ಖಾಯಂ ವಿಳಾಸ’ ಎಂದಿರುವ ಕಡೆ ನೀನು ಪ್ರತಿ ಸಲ ಒಂದು ಗೆರೆ ಎಳೆದು ಬಿಡುತ್ತೀಯಲ್ಲ, ಈ ಸಲ ಹಾಗೆ ಮಾಡಬೇಡ. ನಮ್ಮ ಮನೆಯದನ್ನು ಬರೆ.