ಮುಮ್ತಾಜಳ ಎದುರುಕೂಟ

ವಿಜಯಪುರ
ಎರಡನೆಯ ಫೆಬ್ರವರಿ ೩೦, ೨೧೯೪

ನಮಗಿಂತ ಬಹಳ ಹಿಂದೆ ಬದುಕುತ್ತಿರುವ ತಂದೆತಾಯಂದಿರಿಗೆ, ಗುರುಗಳಿಗೆ,

ಈ ತಾರೀಖು ನಿಮಗೆ ತಪ್ಪಾಗಿ ಕಂಡರೆ ಮನ್ನಿಸಬೇಕು. ಬಿಸಿಲಿಗೆ ಮುಚ್ಚುವ ತಿಂಗಳುಗಳನ್ನು ನಮ್ಮ ಶಾಲೆಯ ಪಂಚಾಂಗ ಎಣಿಸುವುದಿಲ್ಲ. ಮಳೆ ಬಿದ್ದು ನೆಲ ತಣಿದ ಮೇಲೆ ಫೆಬ್ರವರಿಯನ್ನೇ ಮೂವತ್ತು ದಿನದ್ದಾಗಿ ಇನ್ನೊಮ್ಮೆ ಶುರುಮಾಡಿ, ಉಳಿದ ಪಾಠ ಮುಗಿಸುತ್ತೇವೆ. ಕೆಲವು ಮಾತುಗಳೂ ನಿಮಗೆ ಹೊಸವಾಗಿರಬಹುದು, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಅದು ಕಾಲದ ದೋಷವಲ್ಲ. ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಎರಡು ಸಾಲು ಬರೆದು ಎದ್ದು ಕಿಟಕಿಗೆ ಹೋಗುತ್ತಿದ್ದೇನೆ. ಇಂದು ಮುಮ್ತಾಜಳ ಫಲಿತಾಂಶ.

ನಾನು ಗೌರಾಂಬಾ ತಾಳಿಕೋಟಿ, ಇಲ್ಲಿನ ಓದುಕಟ್ಟೆಯ ಜೊತೆಗಾರ್ತಿ. ಪ್ರತಿ ಓಣಿಗೂ ಒಂದು ಓದುಕಟ್ಟೆ ಇದೆ. ಹೈಸ್ಕೂಲು ಮಕ್ಕಳು ಸಂಜೆ ಬಿಸಿಲು ಇಳಿದ ಮೇಲೆ ಬಂದು, ತಣ್ಣನೆಯ ಕಲ್ಲಿನ ಮೇಲೆ ಕಾಲು ಚಾಚಿ, ಅಂಬಲಿ ಕುಡಿದು ಓದಲು ಕೂರುತ್ತಾರೆ. ಅರ್ಥವಾಗದ್ದನ್ನು ಬಿಡಿಸುವುದು, ಮುಂದೆ ಯಾವ ಕಾಲೇಜು ಹಿಡಿಯಬೇಕೆಂದು ಕೂಡಿ ಯೋಚಿಸುವುದು ನನ್ನ ಕೆಲಸ. ಆದರೆ ಕಾಲೇಜಿಗೆ ಸೇರಿಸಿಕೊಳ್ಳುವುದನ್ನು ಇಲ್ಲಿ ಮನುಷ್ಯರು ತೀರ್ಮಾನಿಸುವುದಿಲ್ಲ. ಮುಂಗಾಣಿ ಎಂಬ ಯಂತ್ರವಿದೆ. ಮಗು ಒಂದನೇ ತರಗತಿಯಿಂದ ಶಾಲೆಯಲ್ಲಿ ಆಡಿದ ಮಾತು, ಬರೆದ ಉತ್ತರ, ತಪ್ಪಿಸಿದ ದಿನ ಎಲ್ಲವನ್ನೂ ಅದು ತೂಗಿ, ಹತ್ತನೆಯ ಕೊನೆಗೆ ಒಂದು ಚೀಟಿ ಕೊಡುತ್ತದೆ. ಚೀಟಿಯಲ್ಲಿ ಯಾವ ಕಾಲೇಜಿದೆಯೋ ಅದೇ. ಹೆಚ್ಚಿನವರು ಅದನ್ನು ಹಣೆಬರಹವೆಂದೇ ಒಪ್ಪುತ್ತಾರೆ.

ನಮ್ಮ ಕಟ್ಟೆಯಲ್ಲಿ ಓದಿದ ಮುಮ್ತಾಜಳಿಗೆ ಜಲವಿದ್ಯೆ ಓದಬೇಕಿತ್ತು. ನೆಲದಡಿಯ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದೊಂದೇ ಅವಳ ಧ್ಯಾನ. ಚೀಟಿಯಲ್ಲಿ ಬಂದದ್ದು ಶೀತಗೃಹ ನೋಡಿಕೊಳ್ಳುವ ಕೆಲಸದ ಕೋರ್ಸು. ಕೆಳಗೆ ಒಂದು ಸಾಲಿತ್ತು: "ಕಠಿಣ ವಿದ್ಯೆಯನ್ನು ನಡುವೆಯೇ ಬಿಡುವ ಸಂಭವ ಹೆಚ್ಚು." ಒಂಬತ್ತನೆಯಲ್ಲಿ ಅವಳು ತರಗತಿಯಲ್ಲಿ ಬಾಯಿಯನ್ನೇ ಬಿಟ್ಟಿರಲಿಲ್ಲ, ಯಂತ್ರ ಅದನ್ನು ಹಿಡಿದುಕೊಂಡಿತ್ತು.

ಚೀಟಿ ಒಪ್ಪದವರಿಗೆ ಎದುರುಕೂಟ ಎಂಬ ದಾರಿ ಇದೆ. ಕಾಲೇಜಿನ ಮೂವರು ಗುರುಗಳ ಮುಂದೆ ಹೋಗಿ ಕೂರಬಹುದು. ಆದರೆ ಕೇಳಿಕೊಂಡ ಕ್ಷಣವೇ ಚೀಟಿಯ ಸೀಟು ಹೋಗುತ್ತದೆ. ಅಲ್ಲೂ ಆಗದಿದ್ದರೆ ಮನೆಯೇ ಗತಿ. ಅವಳ ಅಪ್ಪ ದಸ್ತಗೀರಸಾಬರು ಬೀದಿಗೆ ಕಟ್ಟುವ ನೆರಳುಬಟ್ಟೆ ಹೊಲಿಯುವವರು. ಕಟ್ಟೆಗೆ ಬಂದು ಮಗಳ ಪಕ್ಕ ಕೂತರು.

"ನೋಡ ಬೇಟಾ, ಕೈಯಾಗಿನ ರೊಟ್ಟಿ ಬಿಟ್ಟು ಗಾಳ್ಯಾಗಿನ ವಾಸನಿ ಹಿಂದ ಹೋಗಬ್ಯಾಡ. ಅಕ್ಕಾರ, ನೀವರ ಹೇಳ್ರಿ."

ಅವಳು ನನ್ನ ಕಡೆ ತಿರುಗಿದಳು. "ನನ್ನ ಜಾಗಾದಾಗ ನೀವಿದ್ರ ಏನ ಮಾಡ್ತಿದ್ರಿ?"

"ಹೆದರತಿದ್ದೆ," ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಹಕ್ಕು ನನಗಿರಲಿಲ್ಲ.

"ನನಗೂ ಹೆದರಿಕಿ ಐತಿ. ಆದರೂ ಹೋಗ್ತೀನಿ, ಅಬ್ಬಾ."

ದಸ್ತಗೀರಸಾಬರು ಮಗಳ ತಲೆ ಸವರಿದರು. "ಹಂಗಾರ ನಾನೂ ಬರ್ತೀನಿ," ಎಂದರು.

ಎದುರುಕೂಟದ ದಿನ ಕಾಲೇಜಿನ ಕೋಣೆಯ ಹೊರಗೆ ದಸ್ತಗೀರಸಾಬರೂ ನಾನೂ ನಿಂತಿದ್ದೆವು, ಬಾಗಿಲು ತೆರೆದೇ ಇತ್ತು. ಹಿರಿಯ ಗುರುಗಳು ಒಂಬತ್ತನೆಯ ಮೌನದ ಬಗ್ಗೆ ಕೇಳಿದರು. "ಅಮ್ಮೀಗೆ ಲಕ್ವಾ ಹೊಡದು ಮಾತು ಹೋತ್ರಿ. ಮನ್ಯಾಗ ಕೈಸನ್ನೀಲೇ ಮಾತಾಡ್ತಿದ್ವಿ. ಸಾಲ್ಯಾಗ ಬಾಯಿ ತೆಗದ್ರ ಅಳು ಬರ್ತಿತ್ತು," ಎಂದಳು. ನನ್ನ ಪಕ್ಕದಲ್ಲಿ ದಸ್ತಗೀರಸಾಬರು ಗೋಡೆಗೆ ಕೈಕೊಟ್ಟು ನಿಂತರು. ಶಾಲೆಯಲ್ಲಿ ಅಳು ಬರುತ್ತಿದ್ದ ಮಾತು ಅವರಿಗೂ ಹೊಸದಾಗಿತ್ತು.

ಆಮೇಲೆ ಒಂದು ಪ್ರಶ್ನೆ ಹಾಕಿದರು. ಅಕ್ಕಪಕ್ಕದ ಎರಡು ಬಾವಿ, ಒಂದರಲ್ಲಿ ನೀರಿದೆ, ಇನ್ನೊಂದು ಬತ್ತಿದೆ, ಯಾಕೆ? ಅವಳು ಥಟ್ಟನೆ ಉತ್ತರಿಸಲಿಲ್ಲ. ಯಾವುದು ಹೆಚ್ಚು ಆಳ, ಕೆಳಗೆ ಎಂಥ ಕಲ್ಲು, ಯಾವ ಪಂಪು ಎಷ್ಟು ಹೊತ್ತು ಓಡುತ್ತದೆ ಎಂದು ಅವರನ್ನೇ ಕೇಳತೊಡಗಿದಳು.

"ಪ್ರಶ್ನೆ ಕೇಳೋರು ನಾವಮ್ಮ," ಎಂದರು ಒಬ್ಬರು.

"ಇಷ್ಟು ತಿಳೀದ ಹ್ಯಾಂಗ ಹೇಳ್ಲಿರಿ? ಹೇಳಿದ್ರ ಸುಳ್ಳಾಗತೈತಿ."

ಸೀಟು ಕೊಟ್ಟರು. ಆದರೆ ಒಂದು ಷರತ್ತಿತ್ತು: ಮೊದಲ ಅರ್ಧವರ್ಷದಲ್ಲಿ ಫೇಲಾದರೆ ಒಮ್ಮೆ ಮಾತ್ರ ಮರುಪರೀಕ್ಷೆ, ಅದೂ ಹೋದರೆ ಹೊರಗೆ. ಗಣಿತದಲ್ಲಿ ಫೇಲಾದಳು. ಯಂತ್ರ ಹೇಳಿದಂತೆಯೇ ಆಯಿತೆಂದು ಓಣಿಯವರು ಆಡಿಕೊಂಡರು. ನನಗೂ ಊಟ ಸೇರಲಿಲ್ಲ. ರಜೆಗೆ ಬಂದವಳು ಸೀದಾ ಕಟ್ಟೆಗೆ ಬಂದು, ಕೆಂಪು ಗೆರೆ ತುಂಬಿದ ಉತ್ತರಪತ್ರಿಕೆಯನ್ನು ನನ್ನ ಮುಂದೆ ಹರವಿದಳು. "ಅಳೋದು ಬಸ್ಸಿನ್ಯಾಗ ಮುಗಿಸೀನ್ರಿ. ಎಲ್ಲಿ ತಪ್ಪೇನಿ, ತೋರಸ್ರಿ." ರಜೆಯಿಡೀ ಕೂತೆವು. ತಪ್ಪೆಲ್ಲ ಎಂಟನೇ ತರಗತಿಯ ಬೀಜಗಣಿತದಲ್ಲಿತ್ತು. ಅಲ್ಲಿಂದ ಮತ್ತೆ ಕಟ್ಟುತ್ತ ಬಂದೆವು. ದಸ್ತಗೀರಸಾಬರು ದಿನವೂ ಬುತ್ತಿ ತಂದು, ಏನೂ ಕೇಳದೆ, ನಾವು ಮುಗಿಸುವ ತನಕ ಅಲ್ಲೇ ಕೂತು ಬಟ್ಟೆ ಹೊಲಿಯುತ್ತಿದ್ದರು.

ಇಂದು ಬರಬೇಕಿದ್ದದ್ದು ಆ ಮರುಪರೀಕ್ಷೆಯ ಫಲಿತಾಂಶ. ಇಷ್ಟು ಬರೆಯುವಷ್ಟರಲ್ಲಿ ಅವಳ ಕರೆ ಬಂತು. "ಪಾಸಾದೆ ಅಕ್ಕಾರ! ಒಂದ ಅಂಕದಾಗ ಉಳದೀನಿ."

"ಇನ್ನೊಮ್ಮೆ ಹಿಂಗ ಜೀವಾ ತಿನಬ್ಯಾಡವ್ವಾ."

"ಮುಂದಿಂದು ಇನ್ನೂ ಕಠಿಣ ಐತ್ರಿ," ಎಂದು ನಕ್ಕಳು.

ನಾನೂ ನಕ್ಕೆ, ಅತ್ತೆ. ಆದರೂ ನೆಮ್ಮದಿ ಬರಲೊಲ್ಲದು. ಬರುವ ವಾರ ಈ ಕಟ್ಟೆಯ ಈ ವರ್ಷದ ಹತ್ತನೆಯ ಮಕ್ಕಳಿಗೆ ಚೀಟಿ ಬರುತ್ತದೆ. ಅವರಲ್ಲಿ ಎಷ್ಟೋ ಜನ ಎದುರುಕೂಟಕ್ಕೆ ಹೋಗುವ ಧೈರ್ಯ ಮಾಡುವುದಿಲ್ಲ, ತರಗತಿಯಲ್ಲಿ ಯಾಕೆ ಸುಮ್ಮನಿದ್ದೆ ಎಂದು ಅವರನ್ನು ಯಾರೂ ಕೇಳುವುದೂ ಇಲ್ಲ.

ನಿಮ್ಮ ಕಾಲದಲ್ಲಿ ಮುಂಗಾಣಿ ಇನ್ನೂ ಹುಟ್ಟಿಲ್ಲ. ಆದರೆ ಅಂಕ ನೋಡಿ ಮಗುವಿನ ಮುಂದಿನದನ್ನೆಲ್ಲ ಹೇಳಿಬಿಡುವ ಚಟ ನಿಮ್ಮಲ್ಲೇ ಶುರುವಾದದ್ದು ಎಂದು ನಾವು ಓದಿದ್ದೇವೆ. ಹಾಗಾಗಿ ನಿಮ್ಮಲ್ಲೊಂದು ಬೇಡಿಕೆ. ನಿಮ್ಮ ಮನೆಯಲ್ಲಿ ಕಾಲೇಜು ಹಿಡಿಯಬೇಕಾದ ಮಗುವಿದ್ದರೆ, ಇವತ್ತು ಎಷ್ಟು ಬಂತು ಎಂದು ಕೇಳಬೇಡಿ, ಯಾವುದು ತಿಳಿಯಲಿಲ್ಲ ಎಂದು ಕೇಳಿ. ಕೇಳಿದ ಮೇಲೆ ಎದ್ದುಹೋಗದಿರಿ. ನಿಮಗೂ ಅದು ತಿಳಿಯದಿದ್ದರೆ ಚಿಂತೆಯಿಲ್ಲ, ಪಕ್ಕದಲ್ಲಿ ಕೂತಿರಿ.

ಗೌರಾಂಬಾ