ರಜೆಗೆ ಎಲ್ಲಿಗೆ ಎಂದು ಕೇಳಿದ್ದಕ್ಕೆ

ಅಕ್ಕಾ,

ಈ ದೇಶಕ್ಕೆ ಬಂದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ ನಿನ್ನ ತಂಗಿ ಇವತ್ತು ತಾನು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ಸ್ಪ್ಯಾನಿಷ್ ಮಾತಾಡಿದಳು! ಗುಂಡಿ ಹಚ್ಚುವ ಅಜ್ಜಿಯನ್ನು, "ರಜೆಗೆ ಎಲ್ಲಿಗೆ ಹೋಗ್ತೀರಿ?" ಎಂದು ಕೇಳಿದೆ. ನಾವು "ಊಟ ಆಯ್ತಾ?" ಅನ್ನುವ ಹಾಗೆ, ಸುಮ್ಮನೆ ಮಾತಿಗೆ. ಅಜ್ಜಿ ಸೂಜಿ ಕೆಳಗಿಟ್ಟು, ಕೈಯಲ್ಲೇ ಅಲೆ, ದೋಣಿ, ಮೀನು ಎಲ್ಲ ಮಾಡಿ ತೋರಿಸಿ, "ನೀನೂ ಬರ್ತೀಯಾ?" ಎಂದರು. ಖುಷಿಯಲ್ಲಿ ನಮ್ಮೂರಿನ ಹಾಗೆ ಅತ್ತಿತ್ತ ತಲೆ ಅಲ್ಲಾಡಿಸಿದೆ. ಇಲ್ಲಿ ಅದು ಬೇಡ ಅಂದ ಹಾಗಂತೆ. ಅಜ್ಜಿಯ ಮುಖ ಬಾಡಿತು. ಗಾಬರಿಯಾಗಿ ಅವರ ಭಾಷೆಯ ಹೂಂ, "ಸೀ, ಸೀ" ಎಂದು ಇಡೀ ಅಂಗಡಿಗೆ ಕೇಳುವಂತೆ ಕೂಗಿಬಿಟ್ಟೆ. ರಜೆಗೆ ಅಜ್ಜಿಯ ಜೊತೆ ಅವರ ತವರಿಗೆ, ಸಮುದ್ರದ ದಡಕ್ಕೆ ನನ್ನ ಸವಾರಿ.

ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು. ಈಜು ಬರುವುದಿಲ್ಲ ಎಂದು ಸ್ಪ್ಯಾನಿಷ್‌ನಲ್ಲಿ ಹೇಳುವುದನ್ನು ಬೇಗ ಕಲಿಯಬೇಕು. ದೋಣಿಗೆ ಹುಟ್ಟು ಹಾಕುವುದು ಅಜ್ಜಿಯೇ ಅಂತೆ.

ನಿನ್ನ ತಂಗಿ