ಪಕ್ಷಿಗಳ ಬಾಣಂತನ ಮುಗಿಯುವ ತನಕ ನಾವು ನಗಬಾರದೇ?

ನಮ್ಮ ಉದ್ಯಾನಗಳ ಉಸ್ತುವಾರಿ ಹೊತ್ತ ಅಧಿಕಾರಿ ಮಹಾಶಯರೇ,

ಸುತ್ತಿ ಬಳಸದೆ ಕೇಳಿಬಿಡುತ್ತೇನೆ: ಹಕ್ಕಿಗಳು ಮೊಟ್ಟೆ ಇಡುವುದು ಯಾವ ತಿಂಗಳಿಂದ ಯಾವ ತಿಂಗಳವರೆಗೆ? ಇದೇನು ಮಕ್ಕಳ ಪ್ರಶ್ನೆ ಎಂದು ಮೂಗು ಮುರಿಯಬೇಡಿ. ಲಿಂಗರಾಜಪುರದ ನಮ್ಮ ಪುಟ್ಟ ಪಾರ್ಕಿನ ಗೇಟಿಗೆ ಸಂಕ್ರಾಂತಿಯ ಹೊತ್ತಿಗೆ ತಾವೇ ಒಂದು ಬೋರ್ಡು ಹಾಕಿಸಿದಿರಿ. "ಪಕ್ಷಿಗಳ ಸಂತಾನೋತ್ಪತ್ತಿ ಕಾಲ ಮುಗಿಯುವವರೆಗೆ ಉದ್ಯಾನದಲ್ಲಿ ಗಟ್ಟಿಯಾಗಿ ನಗುವುದನ್ನು ನಿಷೇಧಿಸಲಾಗಿದೆ." ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು, ರಂಜಾನ್, ಬಕ್ರೀದ್ ಎರಡೂ ಆದವು, ಗಣಪತಿಯನ್ನೂ ನೀರಿಗೆ ಬಿಟ್ಟಾಯಿತು. ತಮ್ಮ ಕಾಲ ಮಾತ್ರ ಇನ್ನೂ ಮುಗಿದಿಲ್ಲ.

ನಾನು ಶಿವಾಜಿನಗರದ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು, ಈಗ ಈ ಪಾರ್ಕಿನ ಮುಂಜಾನೆಯ ನಗೆಕೂಟದ ಕಾರ್ಯದರ್ಶಿ. ನಮ್ಮದು ದೊಡ್ಡ ಸಂಘವೇನಲ್ಲ. ಬಿ.ಪಿ., ಶುಗರ್, ಮೊಣಕಾಲು ನೋವಿನವರು ವೃತ್ತಾಕಾರವಾಗಿ ನಿಂತು, ಕೈ ಮೇಲೆತ್ತಿ ಹಹ್ಹಾ ಎಂದು ನಕ್ಕು ಮನೆಗೆ ಹೋಗುತ್ತೇವೆ. ಬೋರ್ಡು ಓದಿದ ದಿನ ನನ್ನ ಓರಗಿತ್ತಿ ಚಾಂದ್ ಬೀ, "ಅಂಡೇ ಉನೊ ದೇನಾ, ಮೂಂ ಹಮೆ ಬಂದ್ ಕರ್ನಾ?" ಎಂದು ಸೊಂಟದ ಮೇಲೆ ಕೈಯಿಟ್ಟಳು. ಮೊಟ್ಟೆ ಇಡುವುದು ಅವು, ಬಾಯಿ ಮುಚ್ಚುವುದು ನಾವೋ ಎಂದು ಅವಳ ತಕರಾರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ ಅಲ್ಲವೇ? ಆದರೂ ನಾನೇ ಅವಳಿಗೆ ಸಮಾಧಾನ ಹೇಳಿದೆ. ಪಾಪ, ಬಾಯಿಲ್ಲದ ಜೀವಗಳು, ಒಂದೆರಡು ತಿಂಗಳು ಸುಮ್ಮನಿದ್ದರೆ ನಮ್ಮ ಗಂಟೇನು ಹೋಗುತ್ತದೆ ಎಂದೆ.

ಆ ಒಂದೆರಡು ತಿಂಗಳು ಯಾವುವು ಎಂದು ಹುಡುಕಹೊರಟಾಗಲೇ ನನಗೆ ಗ್ರಹಚಾರ ಶುರುವಾದದ್ದು. ತಮ್ಮ ಕಚೇರಿಯ ಒಂದು ಮೇಜಿನವರು, "ಬೇಸಿಗೆ ಮುಗೀಲಿ ಮೇಡಂ" ಎಂದರು. ಬೇಸಿಗೆ ಮುಗಿಸಿಕೊಂಡು ಹೋದರೆ ಪಕ್ಕದ ಮೇಜಿನವರು, "ಮಳೆಗಾಲ ಕಳೀಲಿ ಬಿಡಿ" ಎಂದರು. ಮೂರನೆಯವರು ತಲೆ ಎತ್ತದೆಯೇ, "ಮೊಟ್ಟೆ ವಿಷಯ ನಮ್ ಸೆಕ್ಷನ್‌ಗೆ ಬರಲ್ಲ" ಎಂದುಬಿಟ್ಟರು. ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಸರ್ಕಾರಿ ಸಂಬಳ ಬೇಕೇ? ಸಾಕಪ್ಪಾ ಎಂದು ಇಂಟರ್ನೆಟ್ಟಿಗೆ ಶರಣಾದೆ. ಹಿಮ ಕರಗಿದ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ ಎಂದು ಅದು ಹೇಳಿತು. ಲಿಂಗರಾಜಪುರದಲ್ಲಿ ಹಿಮ ಬೀಳುವ ದಿನವನ್ನಾದರೂ ತಾವು ತಿಳಿಸಿದರೆ ಕರಗುವುದನ್ನು ನಾನೇ ನೋಡಿಕೊಳ್ಳುತ್ತೇನೆ.

ಕೊನೆಗೆ ಪಾರ್ಕಿಗೆ ಉದ್ದನೆಯ ಕ್ಯಾಮೆರಾ ಹೊತ್ತು ಬರುವ ಆನಂದ್ ಎಂಬ ಪಕ್ಷಿಪ್ರಿಯರನ್ನು ಹಿಡಿದು ನಿಲ್ಲಿಸಿದೆ.

"ಯಾವ್ ಹಕ್ಕಿ ಅನ್ನೋದರ ಮೇಲೆ ಹೋಗುತ್ತೆ ಮೇಡಂ," ಎಂದರು ಅವರು. "ಬುಲ್‌ಬುಲ್ ಬೇಸಿಗೇಲಿ ಶುರು ಮಾಡಿದ್ರೆ ಮಳೆಗಾಲದ ತನಕ ಎಳೆಯುತ್ತೆ. ಹದ್ದು ಚಳಿಗಾಲದಲ್ಲಿ. ಪಾರಿವಾಳ ಕೇಳ್ಲೇಬೇಡಿ, ವರ್ಷ ಪೂರ್ತಿ."

"ಅಂದರೆ ನಾವು ನಗೋದು ಯಾವಾಗ ಸ್ವಾಮಿ?"

"ಅದು ನನ್ ಸಬ್ಜೆಕ್ಟ್ ಅಲ್ಲ ಮೇಡಂ" ಎಂದು ಕ್ಯಾಮೆರಾ ಹೆಗಲಿಗೇರಿಸಿದರು.

ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಕಿವಿಯಲ್ಲೇ ಕೂಗಿದರೂ ಸೂರಿನ ಕೆಳಗೆ ಸುಖವಾಗಿ ಸಂಸಾರ ನಡೆಸುತ್ತದೆ ಆ ಪಾರಿವಾಳ. ಅಂಥದ್ದು ಚಾಂದ್ ಬೀ ನಕ್ಕರೆ ಬಂಜೆಯಾಗುತ್ತದೆಯೇ?

ಇರಲಿ, ನಮಗೆ ನಗು ಬರೀ ಶೋಕಿ ಎಂದುಕೊಳ್ಳಬೇಡಿ. ನಮ್ಮ ಕೂಟದ ಸಂಗನಬಸಪ್ಪನವರು ಕಲಬುರಗಿ ಕಡೆಯವರು, ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರು ನಕ್ಕರೆ ಬೀದಿಯಾಚೆಗೂ ಕೇಳಬೇಕು. ಆದರೆ ಅವರ ಸೊಸೆಗೆ ಮನೆಯಲ್ಲೇ ಆಫೀಸು, ಬೆಳಗಿನಿಂದ ಮೀಟಿಂಗು. "ಅಕ್ಕೋರ, ಮನ್ಯಾಗ ನಕ್ರ ಸೊಸಿ ಮೀಟಿಂಗ್ ಕೆಡತೈತಿ, ಇಲ್ಲಿ ನಕ್ರ ಹಕ್ಕಿ ತತ್ತಿ ಕೆಡತಾವಂತ. ನಾ ಎಲ್ಲಿ ಹೋಗಿ ನಗಬೇಕ್ರಿ?" ಎಂದು ಅವರು ಕೇಳಿದರು.

ಅದಕ್ಕೇ ನಾವು ಸದ್ದಿಲ್ಲದೆ ನಗುವುದನ್ನು ರೂಢಿ ಮಾಡಿಕೊಂಡೆವು. ಬಾಯಿ ಅಗಲಿಸುವುದು, ಕೈ ಎತ್ತುವುದು, ಮೈ ಕುಲುಕಿಸುವುದು, ಉಸಿರು ಮಾತ್ರ ಬಿಡದಿರುವುದು. ಹೋದ ವಾರ ಬೇಲಿಯಾಚೆ ಹೋಗುತ್ತಿದ್ದ ಪುಣ್ಯಾತ್ಮರೊಬ್ಬರು ಇದನ್ನು ನೋಡಿ ಗಾಬರಿಯಾಗಿ ಆಂಬ್ಯುಲೆನ್ಸ್ ಕರೆಸಿಬಿಟ್ಟರು. ಅದರ ಸಿಬ್ಬಂದಿ ಓಡಿಬಂದು, "ಏನ್ ತಿಂದ್ರಿ ಎಲ್ಲಾರೂ?" ಎನ್ನುತ್ತ, ಬಾಯಿ ಎಲ್ಲರಿಗಿಂತ ಅಗಲ ತೆರೆದಿದ್ದ ಚಾಂದ್ ಬೀಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿಯೇ ಬಿಟ್ಟರು. ಅವಳೋ, ನಿಯಮ ಮುರಿಯಬಾರದೆಂದು ಆಗಲೂ ತುಟಿಪಿಟಕ್ಕೆನ್ನಲಿಲ್ಲ! ಸಂಗನಬಸಪ್ಪನವರಿಗೆ ತಡೆಯಲಾಗಲಿಲ್ಲ. ತಿಂಗಳುಗಟ್ಟಲೆ ಕೂಡಿಟ್ಟಿದ್ದ ನಗು ಒಮ್ಮೆಗೇ ಹೊರಬಂತು.

ನಾವೆಲ್ಲ ಬೆದರಿ ಪಕ್ಕದ ದಾಸವಾಳದ ಗಿಡದತ್ತ ನೋಡಿದೆವು. ಅಲ್ಲಿ ಬುಲ್‌ಬುಲ್ ಒಂದು ಕಾವಿಗೆ ಕೂತಿತ್ತು. ಅದು ಕತ್ತನ್ನೂ ಹೊರಳಿಸಲಿಲ್ಲ. ಅಷ್ಟರಲ್ಲಿ ತಮ್ಮ ಆದೇಶದಂತೆ ಕಾವಲುಗಾರ ಮುನೀಂದ್ರ ನಗು ನಿಲ್ಲಿಸಲೆಂದು ಜೋರಾಗಿ ಸೀಟಿ ಊದಿದ, ನೋಡಿ! ಹಕ್ಕಿ ಪುರ್ರೆಂದು ಹಾರಿಹೋಯಿತು.

ಸ್ವಲ್ಪ ಹೊತ್ತಿಗೆ ಅದು ತಾನೇ ಮರಳಿ ಬಂದು ಗೂಡಿನಲ್ಲಿ ಕೂತಿತು. ಆದರೆ ಸಂಗನಬಸಪ್ಪನವರು ಅಷ್ಟರಲ್ಲಿ ತಲೆತಗ್ಗಿಸಿ ಮನೆಗೆ ಹೋಗಿದ್ದರು. "ನನ್ನಿಂದ ಒಂದು ಸಂಸಾರ ಹಾಳಾತ್ರಿ" ಎಂದು ಫೋನಿನಲ್ಲಿ ಪೇಚಾಡುತ್ತಾರೆ. ಎಷ್ಟು ಹೇಳಿದರೂ ನಂಬುವುದಿಲ್ಲ, ಪಾರ್ಕಿನ ಕಡೆ ತಲೆಹಾಕಿಲ್ಲ. ಅವರ ಜಾಗ ಖಾಲಿ ಬಿಟ್ಟು ವೃತ್ತದಲ್ಲಿ ನಿಲ್ಲುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಯಾವ ಹಕ್ಕಿ, ಯಾವ ತಿಂಗಳು, ಯಾವ ಮರ ಎಂದು ತಿಳಿದವರಿಂದ ವಿಚಾರಿಸಿ ಬೋರ್ಡಿನ ಮೇಲೆ ಬರೆಸಿ. ಗೂಡು ಇದ್ದ ಕಡೆಯಿಂದ ನಾವೇ ದೂರ ಸರಿದು ನಗುತ್ತೇವೆ. ಅದು ತಮಗೂ ಗೊತ್ತಿಲ್ಲವೆಂದಾದರೆ, "ನಮಗೆ ಗೊತ್ತಿಲ್ಲ" ಎಂದು ಮೊಹರು ಹಾಕಿ ಒಂದು ಪತ್ರ ಕೊಡಿ. ಅದನ್ನು ನಾನೇ ಸಂಗನಬಸಪ್ಪನವರ ಮನೆಗೆ ಒಯ್ದು, ಅವರೆದುರು ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಅವರ ಸೊಸೆಯ ಮೀಟಿಂಗ್ ಕೆಟ್ಟರೆ ಅದಕ್ಕೆ ತಮ್ಮ ಕಚೇರಿಯೇ ಹೊಣೆ.

ಇಂತಿ,
ಹಕ್ಕಿಗಳ ಹೆರಿಗೆಗೆ ಹೊಟ್ಟೆ ಬಿಗಿಹಿಡಿದು ನಿಂತಿರುವ
ಶರ್ಫುನ್ನೀಸಾ
ಕಾರ್ಯದರ್ಶಿ, ಸದ್ಯಕ್ಕೆ ನಗದಿರುವ ನಗೆಕೂಟ